ಬೆಟ್ಟವೇರಿದವರಲ್ಲಿ ಹಿರಿಯನಾರು?

ಈ ಸಲದ ಬರಹದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಗಣಿತ, ವಿಜ್ಞಾನಗಳನ್ನು ಕಲಿಸಿದ ಮೇಷ್ಟ್ರಿಗೆ ಯುರೋಪಿನ ಸೈಕಲ್ ಪಂದ್ಯಗಳ ಗೊಡವೆ ಏಕೆ ಎಂದು ಕೇಳಿದರೆ ನನ್ನಲ್ಲಿ ಎರಡು ಉತ್ತರಗಳಿವೆ. ಮೂವತ್ತು ವರ್ಷಗಳ ಕಾಲ ಸೈಕಲ್ ತುಳಿದೇ ಶಾಲೆಗೆ ಹೋಗಿಬಂದವನು ನಾನು. ದಾರಿಯ ಏರಿನಲ್ಲಿ ಏದುಸಿರು ಬಿಟ್ಟದ್ದು ನನ್ನ ಮೊಣಕಾಲುಗಳಿಗೆ ಇಂದಿಗೂ ನೆನಪಿದೆ. ಇದು ಮೊದಲನೆಯದು. ಎರಡನೆಯದು, ನನಗೆ ಬೇಕಾದ ಇಬ್ಬರು ತರುಣರ ನಡುವೆ ಕೆಲವು ವರ್ಷಗಳಿಂದ ನಡೆಯುತ್ತಿರುವ ವಾಗ್ವಾದ.

ಅವರಲ್ಲೊಬ್ಬ ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಇಂಜಿನಿಯರು, ಭಾನುವಾರದ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಸೈಕಲ್ ಏರಿಸುವವರ ಗುಂಪಿನವನು. ಇನ್ನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಆಲ್ಪ್ಸ್ ಪರ್ವತಗಳ ಮಡಿಲಲ್ಲಿರುವ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿ ನೌಕರಿ ಮಾಡುತ್ತಿದ್ದಾನೆ. "ಮಾವ, ಪೊಗಾಚಾರ್‌ಗಿಂತ ದೊಡ್ಡ ಬೆಟ್ಟಗಾರ ಹಿಂದೆ ಹುಟ್ಟಿಲ್ಲ, ನೀವೇ ಅವನಿಗೆ ಬುದ್ಧಿ ಹೇಳಿ" ಎಂದು ಇವನು ಬರೆಯುತ್ತಾನೆ. "ಸಾರ್, ಪಂತಾನಿ ಏರಿದ ಹಾಗೆ ಇನ್ನು ಯಾರೂ ಏರಲಾರರು, ಅವರಿಗೆ ಸ್ವಲ್ಪ ತಿಳಿಸಿ ಹೇಳಿ" ಎಂದು ಅವನು ಬರೆಯುತ್ತಾನೆ. ಇಬ್ಬರೂ ಅಂಕಿಅಂಶಗಳ ಹೊರೆಯನ್ನೇ ಕಳುಹಿಸುತ್ತಾರೆ. ಇಬ್ಬರಿಗೂ ಬೇಕಾದದ್ದು ನನ್ನ ತೀರ್ಪು. ಜೀವನವಿಡೀ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ಇದಕ್ಕೂ ಹಾಕಲೇಬೇಕೆಂಬುದು ಅವರ ಹಟ. ಆದ್ದರಿಂದ ಈ ದೀರ್ಘ ಉತ್ತರ.

ವಿಷಯ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು ಹೇಳುವುದು ಅಗತ್ಯ. ವೃತ್ತಿಪರ ಸೈಕಲ್ ಸವಾರರಿಗೆ ಮೂರು ಮಹಾಪಂದ್ಯಗಳಿವೆ. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್, 1909ರಲ್ಲಿ ಆರಂಭವಾದ ಇಟಲಿಯ ಜೀರೊ, 1935ರಲ್ಲಿ ಆರಂಭವಾದ ಸ್ಪೇನಿನ ವುಯೆಲ್ತಾ. ಇಂದು ಒಂದೊಂದೂ ಮೂರು ವಾರ ನಡೆಯುತ್ತದೆ. ಇಪ್ಪತ್ತೊಂದು ದಿನಗಳ ಓಟ, ನಡುವೆ ಎರಡು ಮೂರು ದಿನ ಬಿಡುವು, ಒಟ್ಟು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಪ್ರತಿದಿನದ ಸಮಯವನ್ನೂ ಕೂಡಿಸುತ್ತ ಹೋಗಿ ಕೊನೆಗೆ ಯಾರ ಮೊತ್ತ ಕಡಿಮೆಯೋ ಅವನೇ ವಿಜಯಿ. ಫ್ರಾನ್ಸಿನಲ್ಲಿ ಮುಂದಿರುವವನು ಹಳದಿ ಅಂಗಿ ತೊಡುತ್ತಾನೆ, ಇಟಲಿಯಲ್ಲಿ ಗುಲಾಬಿ ಅಂಗಿ. ಪಂದ್ಯಗಳನ್ನು ಹುಟ್ಟುಹಾಕಿದ ಪತ್ರಿಕೆಗಳ ಕಾಗದದ ಬಣ್ಣಗಳೇ ಅವು. ಬೆಟ್ಟದ ನೆತ್ತಿಗಳನ್ನು ಮೊದಲು ಮುಟ್ಟಿದವರಿಗೆ ಪ್ರತ್ಯೇಕ ಅಂಕಗಳುಂಟು. ಆ ಅಂಕಗಳಲ್ಲಿ ಮುಂದಿರುವವನಿಗೆ ಟೂರ್‌ನಲ್ಲಿ 1975ರಿಂದ ಬಿಳಿಯ ಮೇಲೆ ಕೆಂಪು ಚುಕ್ಕೆಗಳ ಅಂಗಿ ದೊರೆಯುತ್ತದೆ.

ಬೆಟ್ಟಗಳು ಈ ಪಂದ್ಯದೊಳಕ್ಕೆ ಬಂದ ಬಗೆಯೂ ಸ್ವಾರಸ್ಯಕರವಾಗಿದೆ. 1910ರಲ್ಲಿ ಟೂರ್‌ನ ಸಂಘಟಕರು ಮೊದಲ ಬಾರಿಗೆ ಸವಾರರನ್ನು ಪಿರೆನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳಿಗೆ ಅಟ್ಟಿದರು. 2,115 ಮೀಟರ್ ಎತ್ತರದ ತೂರ್ಮಲೆ ಅವುಗಳಲ್ಲೊಂದು. ಅಂದಿನ ಸೈಕಲ್ಲುಗಳಿಗೆ ಇಂದಿನಂತೆ ಗೇರುಗಳಿರಲಿಲ್ಲ, ರಸ್ತೆಗೆ ಡಾಂಬರಿರಲಿಲ್ಲ. ಸೈಕಲ್ಲನ್ನು ತುಳಿಯುತ್ತ, ತಳ್ಳುತ್ತ ಬಂದ ಒಕ್ತಾವ್ ಲಾಪೀಜ್ ಎಂಬ ಸವಾರ ಸಂಘಟಕರನ್ನು ಕಂಡು "ಕೊಲೆಗಡುಕರು" ಎಂದು ಕೂಗಿದನಂತೆ. ಆ ವರ್ಷ ಪಂದ್ಯವನ್ನು ಗೆದ್ದವನೂ ಅವನೇ. ಅಂದಿನಿಂದ ಇಂದಿನವರೆಗೆ ಮಹಾಪಂದ್ಯಗಳ ಭವಿಷ್ಯ ಬಹುಮಟ್ಟಿಗೆ ಬೆಟ್ಟಗಳ ಮೇಲೆಯೇ ತೀರ್ಮಾನವಾಗುತ್ತ ಬಂದಿದೆ.

ಏಕೆ ಹೀಗೆ? ಎಂಟನೆಯ ತರಗತಿಯ ವಿಜ್ಞಾನವೇ ಇದಕ್ಕೆ ಸಾಕು. ಸಮತಟ್ಟಾದ ನೆಲದಲ್ಲಿ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೆ ವ್ಯಯವಾಗುತ್ತದೆ. ಮುಂದಿನವನ ಚಕ್ರಕ್ಕೆ ಅಂಟಿಕೊಂಡು ಹೋದರೆ ಆ ಶ್ರಮದಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಆದ್ದರಿಂದ ಬಯಲಿನಲ್ಲಿ ಬಲಹೀನನೂ ಗುಂಪಿನ ನಡುವೆ ಅಡಗಿರಬಹುದು. ಕಡಿದಾದ ಏರಿನಲ್ಲಿ ವೇಗ ಕುಗ್ಗುತ್ತದೆ, ಗಾಳಿಯ ತಡೆ ಕಿರಿದಾಗುತ್ತದೆ, ಗುರುತ್ವಾಕರ್ಷಣೆಯೊಂದೇ ಎದುರಾಳಿಯಾಗಿ ನಿಲ್ಲುತ್ತದೆ. ಫ್ರಾನ್ಸಿನ ಸುಪ್ರಸಿದ್ಧ ಆಲ್ಪ್ ದ್ವೆಜ್ ಏರನ್ನೇ ತೆಗೆದುಕೊಳ್ಳೋಣ: ಇಪ್ಪತ್ತೊಂದು ಹೇರ್‌ಪಿನ್ ತಿರುವುಗಳು, 13.8 ಕಿಲೋಮೀಟರ್ ದೂರ, ಸರಾಸರಿ ನೂರಕ್ಕೆ ಎಂಟರ ಏರು. ಅಂದರೆ ಸುಮಾರು 1,100 ಮೀಟರ್ ಎತ್ತರ. ಅರವತ್ತು ಕಿಲೋ ತೂಕದ ಸವಾರ ಎಂಟು ಕಿಲೋ ಸೈಕಲ್ಲಿನೊಂದಿಗೆ ನಲವತ್ತು ನಿಮಿಷದಲ್ಲಿ ಅದನ್ನೇರಬೇಕಾದರೆ ಬರಿಯ ಎತ್ತುವ ಕೆಲಸಕ್ಕೇ ಮುನ್ನೂರು ವಾಟ್‌ಗೂ ಮಿಕ್ಕ ಶಕ್ತಿ ಬೇಕು. ನಮ್ಮ ಮನೆಗಳ ನಾಲ್ಕು ಸೀಲಿಂಗ್ ಫ್ಯಾನುಗಳನ್ನು ನಲವತ್ತು ನಿಮಿಷ ಎರಡೇ ಕಾಲುಗಳಿಂದ ತಿರುಗಿಸಿದಂತೆ! ಅಷ್ಟೇ ಶಕ್ತಿಯುಳ್ಳವನು ಹತ್ತು ಕಿಲೋ ಹೆಚ್ಚು ತೂಗಿದರೆ ಇದೇ ಲೆಕ್ಕದ ಪ್ರಕಾರ ಸುಮಾರು ಆರು ನಿಮಿಷ ಹಿಂದೆ ಬೀಳುತ್ತಾನೆ. ಹಕ್ಕಿಯಂತೆ ಹಗುರವಾದವರು ಬೆಟ್ಟದಲ್ಲಿ ರಾಜರಾಗುವುದು ಈ ಕಾರಣದಿಂದ.

ಇಲ್ಲೇ ನಮ್ಮ ಹುಡುಗರ ವಾದದಲ್ಲಿ ಮೊದಲ ತೊಡಕು ಕಾಣುತ್ತದೆ. ಮಹಾಪಂದ್ಯವನ್ನು ಗೆಲ್ಲಬಲ್ಲವನು ಯಾರು ಎಂಬುದು ಒಂದು ಪ್ರಶ್ನೆ; ಬೆಟ್ಟವೇರುವುದರಲ್ಲಿ ಮಿಗಿಲಾದವನು ಯಾರು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ಭಾವಿಸಿ ವಾದಿಸಿದರೆ ವಾದ ಎಂದಿಗೂ ಮುಗಿಯದು. ಸ್ಪೇನಿನ ಮಿಗೆಲ್ ಇಂದುರಾಯಿನ್ 1991ರಿಂದ 1995ರವರೆಗೆ ಸತತವಾಗಿ ಐದು ಬಾರಿ ಟೂರ್ ಗೆದ್ದ. ಆರಡಿ ಮೀರಿದ, ಸುಮಾರು ಎಂಬತ್ತು ಕಿಲೋ ತೂಕದ ಆಳು. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ದಿನಗಳಲ್ಲಿ ನಿಮಿಷಗಟ್ಟಲೆ ಗಳಿಸಿ, ಬೆಟ್ಟಗಳಲ್ಲಿ ಹಗುರ ಸವಾರರನ್ನು ಕೈಬಿಡದೆ ಹಿಂಬಾಲಿಸಿ ಅದನ್ನು ಉಳಿಸಿಕೊಳ್ಳುವುದು ಅವನ ಜಾಣ್ಮೆಯಾಗಿತ್ತು. ಅವನು ಮಹಾಪಂದ್ಯದ ಒಡೆಯ. ಆದರೆ ಆರೋಹಿಗಳ ಸಾಲಿನಲ್ಲಿ ಅವನನ್ನು ಮೊದಲಿಗನೆಂದು ಯಾರೂ ಎಣಿಸುವುದಿಲ್ಲ.

ಬಿರುದುಗಳನ್ನೇ ಅಳತೆಗೋಲಾಗಿ ಹಿಡಿದರೆ ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಬೆಲ್ಜಿಯಮ್ಮಿನ ಎಡ್ಡಿ ಮೆರ್ಕ್ಸ್ ಐದು ಟೂರ್, ಐದು ಜೀರೊ, ಒಂದು ವುಯೆಲ್ತಾ, ಒಟ್ಟು ಹನ್ನೊಂದು ಮಹಾಪಂದ್ಯಗಳನ್ನು ಗೆದ್ದವನು. ಫ್ರಾನ್ಸಿನ ಬೆರ್ನಾರ್ ಇನೊ ಹತ್ತು ಗೆದ್ದು ಅವನ ಬೆನ್ನಿಗಿದ್ದಾನೆ. ಮೂರೂ ಪಂದ್ಯಗಳನ್ನು ಒಮ್ಮೆಯಾದರೂ ಗೆದ್ದ ಪುರುಷರು 2025ರ ಕೊನೆಯವರೆಗಿನ ಲೆಕ್ಕದಲ್ಲಿ ಏಳೇ ಮಂದಿ. 1969ರ ಟೂರ್‌ನಲ್ಲಿ ಹಳದಿ ಅಂಗಿ ತೊಟ್ಟು ನಿಶ್ಚಿಂತನಾಗಿರಬಹುದಾಗಿದ್ದ ಮೆರ್ಕ್ಸ್, ಪಿರೆನೀಸ್‌ನಲ್ಲಿ ಗೆಳೆಯರನ್ನೂ ಎದುರಾಳಿಗಳನ್ನೂ ಹಿಂದೆ ಬಿಟ್ಟು ಸುಮಾರು 140 ಕಿಲೋಮೀಟರ್ ಒಂಟಿಯಾಗಿ ತುಳಿದು ಎಂಟು ನಿಮಿಷಗಳಷ್ಟು ಮುಂದಾಗಿ ಗುರಿ ಮುಟ್ಟಿದ. ಅಗತ್ಯವಿಲ್ಲದಾಗಲೂ ಹೋರಾಡುವ ಈ ಹಸಿವು ಅವನ ಗುಣ.

ಅದೇ ಅಳತೆಗೋಲನ್ನು ಎರಡನೆಯ ಪ್ರಶ್ನೆಗೆ ಹಿಡಿದರೆ ಅದು ಮುರಿಯುತ್ತದೆ. ಟೂರ್‌ನಲ್ಲಿ ಬೆಟ್ಟಗಳ ಬಹುಮಾನವನ್ನು ಅತಿ ಹೆಚ್ಚು ಬಾರಿ, ಏಳು ಸಲ, ಗೆದ್ದವನು ಫ್ರಾನ್ಸಿನ ರಿಷಾರ್ ವಿರಾಂಕ್. ಆದರೆ ನೆತ್ತಿಗಳಲ್ಲಿ ಅಂಕ ಕೊಡುವುದರಿಂದ, ಒಟ್ಟು ಪಂದ್ಯದಲ್ಲಿ ಅಪಾಯಕಾರಿಯಲ್ಲದ ಸವಾರನೊಬ್ಬ ಬೆಳಗ್ಗೆಯೇ ಮುಂದೆ ಹೊರಟು ದಾರಿಯ ಅಂಕಗಳನ್ನೆಲ್ಲ ಬಾಚಿಕೊಳ್ಳಬಹುದು. ಬಲಿಷ್ಠರು ಸುಮ್ಮನೆ ಬಿಟ್ಟುಕೊಡುತ್ತಾರೆ. ಪ್ರತಿ ಕಿರುಪರೀಕ್ಷೆಗೂ ತಪ್ಪದೆ ಹಾಜರಾಗಿ ಅಂಕ ಕೂಡಿಟ್ಟವನು ತರಗತಿಯ ಅತ್ಯಂತ ಚುರುಕು ಹುಡುಗನೇ ಆಗಿರಬೇಕಿಲ್ಲವಲ್ಲ! ಸಾಲದ್ದಕ್ಕೆ ವಿರಾಂಕ್ ನಿಷಿದ್ಧ ಔಷಧ ಸೇವಿಸಿದ್ದನ್ನು 2000ದಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಅದರ ಮಾತು ಮುಂದೆ ಬರುತ್ತದೆ.

ಹಾಗಾದರೆ ಗಡಿಯಾರವನ್ನು ನಂಬೋಣವೇ? ನನ್ನ ಸೋದರಳಿಯನ ವಾದ ನಿಂತಿರುವುದು ಗಡಿಯಾರದ ಮೇಲೆಯೇ. 1952ರಲ್ಲಿ ಆಲ್ಪ್ ದ್ವೆಜ್ ಮೊದಲ ಬಾರಿಗೆ ಟೂರ್‌ನಲ್ಲಿ ಸೇರಿದಾಗ ಗೆದ್ದ ಇಟಲಿಯ ಫಾವುಸ್ತೊ ಕೊಪ್ಪಿ ಸುಮಾರು 45 ನಿಮಿಷ ತೆಗೆದುಕೊಂಡ. ತೊಂಬತ್ತರ ದಶಕದಲ್ಲಿ ಅವನದೇ ದೇಶದ ಮಾರ್ಕೊ ಪಂತಾನಿ 37 ನಿಮಿಷಗಳ ಆಸುಪಾಸಿನಲ್ಲಿ ಏರಿದ. ಪಿರೆನೀಸ್‌ನ ಪ್ಲಾಟೊ ದ ಬೇಯ್ ಎಂಬ ಇನ್ನೊಂದು ಏರಿನಲ್ಲಿ 1998ರ ಪಂತಾನಿಯ ಸಮಯವನ್ನು 2024ರಲ್ಲಿ ಸ್ಲೊವೇನಿಯದ ತದೆಯ್ ಪೊಗಾಚಾರ್ ಮೂರು ನಿಮಿಷಗಳಿಗೂ ಹೆಚ್ಚು ತಗ್ಗಿಸಿದ. "ಲೆಕ್ಕ ಮುಗಿಯಿತಲ್ಲ ಮಾವ" ಎನ್ನುತ್ತಾನೆ ನನ್ನ ಹುಡುಗ.

ಮುಗಿಯಲಿಲ್ಲ. ಬೇರೆ ಬೇರೆ ವರ್ಷಗಳ ಪ್ರಶ್ನೆಪತ್ರಿಕೆಗಳ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಾರದೆಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಕೊಪ್ಪಿಯ ಉಕ್ಕಿನ ಸೈಕಲ್ಲು ಇಂದಿನ ಕಾರ್ಬನ್ ಸೈಕಲ್ಲಿಗಿಂತ ಬಹಳ ಭಾರವಾಗಿತ್ತು. ಇಂದು ಸೈಕಲ್ 6.8 ಕಿಲೋಗಿಂತ ಹಗುರವಾಗಿರಬಾರದೆಂದು ನಿಯಮವನ್ನೇ ಮಾಡಬೇಕಾಗಿ ಬಂದಿದೆ! ಇಂದಿನ ಸವಾರನಿಗೆ ಶಕ್ತಿಯನ್ನು ಕ್ಷಣಕ್ಷಣವೂ ತೋರುವ ಮಾಪಕವಿದೆ, ಗಂಟೆಗೆ ಎಷ್ಟು ಗ್ರಾಂ ಸಕ್ಕರೆ ಹೊಟ್ಟೆಗೆ ಸೇರಬೇಕೆಂದು ಹೇಳುವ ತಜ್ಞರಿದ್ದಾರೆ, ಬೆಟ್ಟದ ಬುಡದವರೆಗೆ ಬಿರುಸಾಗಿ ಎಳೆದುಕೊಂಡು ಬರುವ ಜೊತೆಗಾರರಿದ್ದಾರೆ. ಆ ದಿನ ಬೆಟ್ಟಕ್ಕೆ ಮುನ್ನ ಎಷ್ಟು ದೂರ ತುಳಿದಿದ್ದರು, ಗಾಳಿ ಎತ್ತ ಬೀಸುತ್ತಿತ್ತು, ಬುಡದಿಂದಲೇ ಓಟ ಬಿರುಸಾಗಿತ್ತೇ ಎಂಬುದನ್ನೆಲ್ಲ ಗಡಿಯಾರ ಹೇಳುವುದಿಲ್ಲ. ಎರಡು ತಲೆಮಾರುಗಳ ನಡುವೆ ತೀರ್ಪು ಕೊಡುವ ಸಾಮರ್ಥ್ಯ ಅದಕ್ಕಿಲ್ಲ.

ಗಡಿಯಾರ ಹೇಳದ ಇನ್ನೊಂದು ಸಂಗತಿಯೂ ಇದೆ. ಅದೇ ಈ ಆಟದ ಕಹಿಯಾದ ಅಧ್ಯಾಯ.

ನನ್ನ ಗ್ರೆನೋಬ್ಲ್‌ನ ಶಿಷ್ಯ ಪಂತಾನಿಯನ್ನು ಪ್ರೀತಿಸುವುದು ನನಗೆ ಅರ್ಥವಾಗುತ್ತದೆ. ಬೋಳುತಲೆಗೆ ವಸ್ತ್ರ ಕಟ್ಟಿ, ಹ್ಯಾಂಡಲಿನ ಕೆಳಬಾಗನ್ನು ಹಿಡಿದು, ಎದ್ದುನಿಂತು ಏರನ್ನು ತುಳಿಯುತ್ತಿದ್ದ ಆ ಸಣ್ಣ ಆಳಿನ ದೃಶ್ಯಗಳನ್ನು ನಾನೂ ಮೈಮರೆತು ನೋಡಿದ್ದೇನೆ. 1998ರ ಜುಲೈ 27ರಂದು ಮಳೆಯ ನಡುವೆ ಗಾಲಿಬಿಯೆ ಕಣಿವೆದಾರಿಯಲ್ಲಿ ಅವನು ಸಿಡಿದು ಹೊರಟಾಗ ಹಳದಿ ಅಂಗಿಯ ಯಾನ್ ಉಲ್ರಿಕ್ ಸಂಜೆಯ ಹೊತ್ತಿಗೆ ಒಂಬತ್ತು ನಿಮಿಷಗಳಷ್ಟು ಹಿಂದೆ ಉಳಿದಿದ್ದ. ಆ ವರ್ಷ ಜೀರೊ ಮತ್ತು ಟೂರ್ ಎರಡೂ ಪಂತಾನಿಯವು. ಮರುವರ್ಷ ಜೂನ್ 5ರಂದು, ಜೀರೊವನ್ನು ಇನ್ನೇನು ಗೆದ್ದೇಬಿಟ್ಟನೆನ್ನುವಾಗ, ಬೆಳಗಿನ ರಕ್ತಪರೀಕ್ಷೆಯಲ್ಲಿ ಕೆಂಪು ರಕ್ತಕಣಗಳ ಪ್ರಮಾಣ ನೂರಕ್ಕೆ ಐವತ್ತರ ಮಿತಿಯನ್ನು ದಾಟಿದ್ದರಿಂದ ಅವನನ್ನು ಪಂದ್ಯದಿಂದ ಹೊರಗಿಟ್ಟರು. ಆ ಅವಮಾನದಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ. 2004ರ ಫೆಬ್ರವರಿ 14ರಂದು ರಿಮಿನಿಯ ಹೋಟೆಲಿನ ಕೋಣೆಯೊಂದರಲ್ಲಿ ಕೊಕೇನ್ ಸೇವನೆಯಿಂದ ಸತ್ತುಬಿದ್ದಿದ್ದ, ವಯಸ್ಸು 34. ಕಾಪಿಟ್ಟಿದ್ದ 1998ರ ಟೂರ್‌ನ ಮೂತ್ರದ ಮಾದರಿಗಳಲ್ಲಿ ಅವನದ್ದರಲ್ಲೂ ಉಲ್ರಿಕ್‌ನದ್ದರಲ್ಲೂ ಇಪಿಒ ಎಂಬ, ರಕ್ತಕಣಗಳನ್ನು ಹೆಚ್ಚಿಸುವ ಔಷಧದ ಕುರುಹು ಇತ್ತೆಂದು ಫ್ರಾನ್ಸಿನ ಸೆನೆಟ್‌ನ ವರದಿಯಿಂದ 2013ರಲ್ಲಿ ತಿಳಿದುಬಂತು.

ಪಂತಾನಿಯ ನಂತರ ಬಂದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಏಳು ಟೂರ್‌ಗಳನ್ನು ಗೆದ್ದು, 2012ರಲ್ಲಿ ಏಳನ್ನೂ ಕಳೆದುಕೊಂಡದ್ದು ಎಲ್ಲರಿಗೂ ತಿಳಿದ ಕಥೆ. ಆ ಏಳು ವರ್ಷಗಳಿಗೆ ವಿಜಯಿಯೇ ಇಲ್ಲ. ಎರಡನೆಯ ಸ್ಥಾನದವರಿಗೆ ಬಿರುದು ಕೊಡೋಣವೆಂದರೆ ಅವರಲ್ಲಿಯೂ ಹಲವರು ಅದೇ ಕೆಸರಿನಲ್ಲಿದ್ದರು. ಹಾಗೆಂದು ಹಿಂದಿನವರನ್ನು ದೇವತೆಗಳನ್ನಾಗಿ ಮಾಡುವುದೂ ಸಲ್ಲದು. ಫ್ರಾನ್ಸಿನಲ್ಲಿ ಇದರ ವಿರುದ್ಧ ಕಾಯಿದೆ ಬಂದದ್ದೇ 1965ರಲ್ಲಿ. ಅದಕ್ಕೂ ಮೊದಲು ಉತ್ತೇಜಕ ಮಾತ್ರೆಗಳ ಬಳಕೆ ಸರ್ವೇಸಾಮಾನ್ಯವಾಗಿತ್ತು. ಕೊಪ್ಪಿ ಅದನ್ನು ಮರೆಮಾಚಲೂ ಇಲ್ಲ. 1967ರ ಜುಲೈ 13ರಂದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಮೋಂ ವಾಂತೂ ಬೆಟ್ಟದ ಬಿಸಿಲಿನಲ್ಲಿ ಸೈಕಲ್ಲಿನಿಂದ ಕುಸಿದು ಸತ್ತಾಗ ಅವನ ದೇಹದಲ್ಲಿ ಆ ಮಾತ್ರೆಗಳ ಅಂಶವಿತ್ತು.

ಇಲ್ಲಿ ನಾನು ನಿಮಗೆ ಒಬ್ಬ ಸವಾರನ ಕಥೆ ಹೇಳಬೇಕು. ಇಬ್ಬರು ಹುಡುಗರ ಪಟ್ಟಿಯಲ್ಲಿಯೂ ಅವನ ಹೆಸರಿಲ್ಲ. ಫ್ರಾನ್ಸಿನ ಕ್ರಿಸ್ತೋಫ್ ಬಾಸ್ಸೋನ್, ವಿರಾಂಕ್‌ನ ಫೆಸ್ತಿನಾ ತಂಡದಲ್ಲೇ ಇದ್ದವನು. 1998ರಲ್ಲಿ ಆ ತಂಡದ ಕಾರಿನಲ್ಲಿ ಔಷಧಗಳ ರಾಶಿ ಸಿಕ್ಕಿ ಪೊಲೀಸರ ವಿಚಾರಣೆ ನಡೆದಾಗ, ಇಡೀ ತಂಡದಲ್ಲಿ ಬಾಸ್ಸೋನ್ ಮಾತ್ರ ಔಷಧಕ್ಕೆ ಒಪ್ಪಿದವನಲ್ಲವೆಂದು ಅವನ ಜೊತೆಗಾರರೇ ಹೇಳಿಕೆ ಕೊಟ್ಟರು. ಮರುವರ್ಷ ಅವನು ಬೇರೆ ತಂಡದ ಸವಾರನಾಗಿ ಟೂರ್‌ನಲ್ಲಿದ್ದುಕೊಂಡೇ ಪ್ಯಾರಿಸಿನ ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತ, ಓಟದ ವೇಗದ ಬಗ್ಗೆ ಸಂದೇಹ ವ್ಯಕ್ತಪಡಿಸಿದ. ಆಲ್ಪ್ ದ್ವೆಜ್‌ಗೆ ಹೋಗುವ ದಿನ ಆರ್ಮ್‌ಸ್ಟ್ರಾಂಗ್ ಅವನ ಪಕ್ಕಕ್ಕೆ ಬಂದು, ಹೀಗೆ ಬರೆಯುವುದು ಆಟಕ್ಕೆ ಕೇಡು, ಇಷ್ಟವಿಲ್ಲದಿದ್ದರೆ ಬಿಟ್ಟುಹೋಗು ಎಂದ. ಗುಂಪಿನಲ್ಲಿ ಯಾರೂ ಬಾಸ್ಸೋನ್‌ನೊಂದಿಗೆ ಮಾತನಾಡದಾದರು. ಕೆಲವೇ ದಿನಗಳಲ್ಲಿ ಅವನು ಪಂದ್ಯವನ್ನು ತೊರೆದು ಮನೆಗೆ ಹೋದ. ಅವನು ಎಷ್ಟು ದೊಡ್ಡ ಆರೋಹಿಯಾಗಬಹುದಿತ್ತು? ಯಾರಿಗೂ ತಿಳಿಯದು, ಅವನ ಸುತ್ತಲಿನ ಓಟವೇ ಸುಳ್ಳಾಗಿದ್ದುದರಿಂದ ತಿಳಿಯುವ ದಾರಿಯೇ ಮುಚ್ಚಿಹೋಯಿತು.

ಕಳ್ಳತನದ ಕೇಡು ಅಲ್ಲಿಗೂ ನಿಲ್ಲುವುದಿಲ್ಲ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಂದು ವರ್ಷ ಪ್ರಶ್ನೆಪತ್ರಿಕೆ ಮೊದಲೇ ಕೈಸೇರಿ ಕೆಲವು ಹುಡುಗರು ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದರು. ವಿಷಯ ಬಯಲಾಗಿ ಮರುಪರೀಕ್ಷೆ ನಡೆಯಿತು. ಮರುವರ್ಷ ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು ತೊಂಬತ್ತೆಂಟು ಪಡೆದಳು. ಅಧ್ಯಾಪಕರ ಕೊಠಡಿಯಲ್ಲಿ ಪಿಸುಮಾತು ಎದ್ದಿತು. ಅವಳ ಮನೆಪಾಠದ ಪುಸ್ತಕಗಳನ್ನು ವರ್ಷವಿಡೀ ತಿದ್ದಿದ್ದ ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳದೆ, ಅವಳನ್ನು ಕರೆಸಿ ಎಲ್ಲರೆದುರು ಕಪ್ಪುಹಲಗೆಯ ಮೇಲೆ ಮೂರು ಲೆಕ್ಕಗಳನ್ನು ಕೊಟ್ಟರು. ಮೂರನ್ನೂ ಬಿಡಿಸಿದಳು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, "ಇನ್ನು ಹೋಗಬಹುದಾ ಸಾರ್?" ಎಂದಳು. ಅಂಕಗಳು ಉಳಿದವು, ಅವುಗಳನ್ನು ಪಡೆದ ಸಂತೋಷ ಉಳಿಯಲಿಲ್ಲ. ಹಿಂದಿನ ವರ್ಷ ನಕಲು ಮಾಡಿದ ಹುಡುಗರು ಕದ್ದದ್ದು ಆ ಸಂತೋಷವನ್ನೂ ಎಂದು ನನಗೆ ಅಂದು ಅನ್ನಿಸಿತು.

ಪೊಗಾಚಾರ್ ಇಂದು ಅದೇ ಸ್ಥಿತಿಯಲ್ಲಿದ್ದಾನೆ. ಅವನು 2020, 2021, 2024, 2025ರಲ್ಲಿ ಟೂರ್ ಗೆದ್ದ. 2024ರಲ್ಲಿ ಜೀರೊವನ್ನೂ ಟೂರನ್ನೂ ಒಟ್ಟಿಗೆ ಗೆದ್ದು, 1998ರ ಪಂತಾನಿಯ ನಂತರ ಆ ಸಾಧನೆ ಮಾಡಿದ ಮೊದಲಿಗನಾದ. ಅದೇ ವರ್ಷ ವಿಶ್ವ ಚಾಂಪಿಯನ್ನೂ ಆದ. ಆದರೆ ಅವನು ಪಂತಾನಿಯ ಸಮಯವನ್ನು ಮುರಿದೊಡನೆ ಅನೇಕರ ಬಾಯಲ್ಲಿ ಮೊದಲು ಬಂದದ್ದು ಹೊಗಳಿಕೆಯಲ್ಲ, ಸಂಶಯ. 2008ರಿಂದ ಪ್ರತಿಯೊಬ್ಬ ಸವಾರನ ರಕ್ತದ ಲಕ್ಷಣಗಳನ್ನು ವರ್ಷಗಟ್ಟಲೆ ದಾಖಲಿಸಿ ಹೋಲಿಸುವ ಜೈವಿಕ ಪಾಸ್‌ಪೋರ್ಟ್ ವ್ಯವಸ್ಥೆ ಜಾರಿಯಲ್ಲಿದೆ. ಪೊಗಾಚಾರ್ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದವನಲ್ಲ. ಆರ್ಮ್‌ಸ್ಟ್ರಾಂಗ್ ಕೂಡ ಹಾಗೆಯೇ ಹೇಳುತ್ತಿದ್ದನಲ್ಲ ಎಂದು ನೀವು ಕೇಳಬಹುದು. ಕೇಳುವುದು ತಪ್ಪಲ್ಲ. ಆದರೆ ಸಾಕ್ಷ್ಯವಿಲ್ಲದೆ ಹುಡುಗಿಯನ್ನು ಹಲಗೆಯ ಮುಂದೆ ನಿಲ್ಲಿಸುವುದು ತಪ್ಪು. ಪರೀಕ್ಷಕರು ಎಚ್ಚರವಾಗಿರಲಿ, ಮಾದರಿಗಳು ಕಾಪಿಟ್ಟಿರಲಿ. ನೋಡುವ ನಾವು, ಕಂಡದ್ದನ್ನು ಕಂಡಷ್ಟು ಮೆಚ್ಚೋಣ. ಮೆಚ್ಚುಗೆಯೆಂದರೆ ಆಣೆಯಿಟ್ಟು ಸಾಕ್ಷಿ ಹೇಳಿದಂತಲ್ಲ.

ಬಿರುದೂ ಗಡಿಯಾರವೂ ಸಾಲದಿದ್ದರೆ ಬೇರೆ ಯಾವ ಅಳತೆಗೋಲು? ನನ್ನ ದೃಷ್ಟಿಯಲ್ಲಿ ಉಳಿಯುವುದು ಒಂದೇ: ಮುಂದೆ ಆಸರೆಯ ಚಕ್ರವಿಲ್ಲದೆ, ದಿನ ಕೆಟ್ಟದಾಗಿರುವಾಗ, ಬೆಟ್ಟ ಕೇಳಿದ್ದನ್ನು ಯಾರು ಕೊಟ್ಟರು ಎಂಬುದು.

1949ರ ಜೀರೊದಲ್ಲಿ ಕೂನಿಯೊದಿಂದ ಪಿನೆರೊಲೊವರೆಗಿನ ದಿನ ಐದು ಪರ್ವತದಾರಿಗಳಿದ್ದವು. ಕೊಪ್ಪಿ 192 ಕಿಲೋಮೀಟರ್ ಒಂಟಿಯಾಗಿ ತುಳಿದು, ಎರಡನೆಯವನಾಗಿ ಬಂದ ಮಹಾವೀರ ಜೀನೊ ಬಾರ್ತಾಲಿಗಿಂತ ಹನ್ನೊಂದು ನಿಮಿಷಗಳಿಗೂ ಹೆಚ್ಚು ಮುಂದಿದ್ದ. 1956ರ ಜೂನ್ 8ರಂದು ಅದೇ ಪಂದ್ಯ ಮೊಂತೆ ಬೊಂದೊನೆ ಬೆಟ್ಟಕ್ಕೆ ಹೊರಟಾಗ ಹಿಮ ಸುರಿಯಿತು. ಹೊರಟವರಲ್ಲಿ ಅರ್ಧದಷ್ಟು ಮಂದಿ ಚಳಿಗೆ ಸೋತು ಹಿಂದೆ ಸರಿದರು. ಬೆಳಗ್ಗೆ ಹದಿನಾರು ನಿಮಿಷ ಹಿಂದಿದ್ದ ಲಕ್ಸೆಂಬರ್ಗಿನ ಶಾರ್ಲಿ ಗಾಲ್ ಮಾತ್ರ ಹಿಮದಲ್ಲೇ ಏರಿ ಸಂಜೆ ಗುಲಾಬಿ ಅಂಗಿ ತೊಟ್ಟ. ಮೈಗೆ ಮರಗಟ್ಟಿದ್ದ ಅಂಗಿಯನ್ನು ಕತ್ತರಿಸಿ ತೆಗೆಯಬೇಕಾಯಿತಂತೆ. ಒಂದೇ ದಿನದ ಆರೋಹಣದಲ್ಲಿ ಇದಕ್ಕೆ ಸಾಟಿಯಾದುದನ್ನು ನಾನು ಓದಿಲ್ಲ.

ಬಿದ್ದು ಎದ್ದವರೂ ನನಗೆ ಪ್ರಿಯರು. 2018ರ ಜೀರೊದಲ್ಲಿ ಇಂಗ್ಲೆಂಡಿನ ಸೈಮನ್ ಯೇಟ್ಸ್ ಗುಲಾಬಿ ಅಂಗಿ ತೊಟ್ಟು ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಎಂಬ ಕಲ್ಲುಪುಡಿ ಹಾದಿಯ ಏರಿಗೆ ಬಂದ; ಅಲ್ಲಿ ಶಕ್ತಿಯುಡುಗಿ ಆ ದಿನ ಸುಮಾರು 39 ನಿಮಿಷ ಕಳೆದುಕೊಂಡ. ಏಳು ವರ್ಷಗಳ ನಂತರ, 2025ರಲ್ಲಿ, ಪಂದ್ಯದ ಕೊನೆಗೆ ಒಂದೇ ದಿನ ಬಾಕಿಯಿದ್ದಾಗ, ಅದೇ ಏರಿನಲ್ಲಿ ಮುನ್ನುಗ್ಗಿ ಮೆಕ್ಸಿಕೊದ ತರುಣ ಇಸಾಕ್ ದೆಲ್ ತೊರೊನಿಂದ ಗುಲಾಬಿ ಅಂಗಿಯನ್ನು ಪಡೆದು ಜೀರೊ ಗೆದ್ದ. ಪೊಗಾಚಾರ್ ಬಗೆಗೂ ನನಗೆ ಗೌರವ ಮೂಡಿದ್ದು ಅವನ ಗೆಲುವುಗಳಿಗಿಂತ ಹೆಚ್ಚಾಗಿ ಸೋಲುಗಳಿಂದ. 2022ರಲ್ಲಿ ಗ್ರಾನೋನ್ ಏರಿನಲ್ಲೂ 2023ರಲ್ಲಿ ಕೊಲ್ ದ ಲಾ ಲೋಜ್‌ನಲ್ಲೂ ಡೆನ್ಮಾರ್ಕಿನ ಯೊನಾಸ್ ವಿಂಗೆಗೋರ್ ಅವನನ್ನು ನಿಸ್ಸಹಾಯಕನನ್ನಾಗಿ ಮಾಡಿದ. ಎಂದೋ ಮೀನಿನ ಹರಾಜುಕಟ್ಟೆಯಲ್ಲಿ ದುಡಿಯುತ್ತಿದ್ದ ವಿಂಗೆಗೋರ್ ಆ ಎರಡು ಟೂರ್‌ಗಳನ್ನೂ ಗೆದ್ದ. 2024ರ ಏಪ್ರಿಲ್‌ನಲ್ಲಿ ಬಿದ್ದು ಶ್ವಾಸಕೋಶಕ್ಕೆ ಪೆಟ್ಟಾದರೂ ಮೂರು ತಿಂಗಳಲ್ಲಿ ಮರಳಿ ಎರಡನೆಯವನಾದ. 2025ರಲ್ಲಿ ವುಯೆಲ್ತಾ ಗೆದ್ದ. ಇಂಥ ಎದುರಾಳಿ ಇಲ್ಲದಿದ್ದರೆ ಪೊಗಾಚಾರ್‌ನ ಎತ್ತರವನ್ನು ಅಳೆಯುವುದಾದರೂ ಹೇಗೆ?

ಹುಡುಗರಿಬ್ಬರೂ ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂಬುದನ್ನೂ ಹೇಳಬೇಕು. ನೆದರ್ಲೆಂಡಿನ ಆನೆಮಿಕ್ ಫಾನ್ ಫ್ಲೂಟನ್ 2022ರಲ್ಲಿ ಮಹಿಳೆಯರ ಜೀರೊ, ಟೂರ್, ಸ್ಪೇನಿನ ಪಂದ್ಯ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದಳು. ಆಗ ಅವಳ ವಯಸ್ಸು ನಲವತ್ತರ ಹೊಸ್ತಿಲಲ್ಲಿತ್ತು. 2024ರ ಮಹಿಳೆಯರ ಟೂರ್ ಮುಗಿದದ್ದು ಆಲ್ಪ್ ದ್ವೆಜ್ ನೆತ್ತಿಯಲ್ಲಿ. ಅಂದು ದೆಮಿ ಫೊಲರಿಂಗ್ ದಿನದ ಓಟ ಗೆದ್ದರೂ, ಪೋಲೆಂಡಿನ ಕಾಸಿಯಾ ನಿಯೆವ್ಯಾದೊಮಾ ಕೊನೆಯ ಗುಲಗಂಜಿಯಷ್ಟು ಶಕ್ತಿಯನ್ನೂ ಹಿಂಡಿ ಒಟ್ಟು ಮೊತ್ತದಲ್ಲಿ ನಾಲ್ಕೇ ಸೆಕೆಂಡುಗಳಿಂದ ಟೂರ್ ಉಳಿಸಿಕೊಂಡಳು. ಪುರುಷರ ಟೂರ್‌ನಲ್ಲಿ ಅತ್ಯಂತ ಕಡಿಮೆ ಅಂತರ ಎಂಟು ಸೆಕೆಂಡು.

ಈಗ ತೀರ್ಪು. ಮೂರು ವಾರಗಳ ಪಂದ್ಯದ ಒಡೆಯರಲ್ಲಿ ಮೊದಲ ಸ್ಥಾನ ಮೆರ್ಕ್ಸ್‌ಗೆ. ಪೊಗಾಚಾರ್ ಆ ದಾರಿಯಲ್ಲಿದ್ದಾನೆ. ಆದರೆ ಉತ್ತರಪತ್ರಿಕೆ ಒಪ್ಪಿಸುವ ಮುನ್ನವೇ ಅಂಕ ಹಾಕುವ ಪದ್ಧತಿ ನನಗೆ ಯಾವತ್ತೂ ಇರಲಿಲ್ಲ. ಸೋದರಳಿಯ ಸಹನೆಯಿಂದಿರಲಿ.

ಆರೋಹಿಗಳಲ್ಲಿ ನನ್ನ ಆಯ್ಕೆ ಸ್ಪೇನಿನ ಫೆದೆರಿಕೊ ಬಾಹಾಮೊಂತೆಸ್. ತೊಲೆದೊ ಊರಿನ ಗರುಡನೆಂದು ಹೆಸರಾದ ಬಡವರ ಮನೆಯ ಹುಡುಗ. 1954ರಿಂದ 1964ರವರೆಗಿನ ಹನ್ನೊಂದು ವರ್ಷಗಳಲ್ಲಿ ಆರು ಸಲ ಟೂರ್‌ನ ಬೆಟ್ಟಗಳ ಬಹುಮಾನ ಪಡೆದ. ಮೂರು ಮಹಾಪಂದ್ಯಗಳಲ್ಲೂ ಆ ಬಹುಮಾನ ಗೆದ್ದವರಲ್ಲಿ ಮೊದಲಿಗ. 1954ರಲ್ಲಿ ಒಂದು ಕಣಿವೆದಾರಿಯ ನೆತ್ತಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿ, ಅಲ್ಲಿ ನಿಂತು ಐಸ್‌ಕ್ರೀಂ ತಿನ್ನುತ್ತ ಉಳಿದವರಿಗಾಗಿ ಕಾದನೆಂಬುದು ಪ್ರಸಿದ್ಧ ಕಥೆ. ಚಕ್ರದ ಕಡ್ಡಿಗಳು ಮುರಿದಿದ್ದವು, ತಂಡದ ಕಾರು ಬರುವವರೆಗೆ ಬೇರೇನು ಮಾಡುವುದು ಎಂದು ಅವನು ಆಮೇಲೆ ಹೇಳಿದ. ಕಾರಣ ಏನೇ ಇರಲಿ, ಆ ಚಿತ್ರದಲ್ಲಿ ಒಂದು ಸತ್ಯವಿದೆ. ಪಂದ್ಯ ಗೆಲ್ಲಹೊರಟವನಿಗೆ ನೆತ್ತಿಯೆಂಬುದು ನಡುದಾರಿ. ಅಪ್ಪಟ ಆರೋಹಿಗೆ ನೆತ್ತಿಯೇ ಗುರಿ. ಇಳಿಜಾರೆಂದರೆ ಅಂಜುತ್ತಿದ್ದ ಬಾಹಾಮೊಂತೆಸ್‌ಗೆ, ನೀನು ಇಡೀ ಟೂರನ್ನೇ ಗೆಲ್ಲಬಲ್ಲೆ ಎಂದು ಮನವೊಲಿಸಿದವನು ಕೊಪ್ಪಿ. 1959ರಲ್ಲಿ ಗೆದ್ದೂಬಿಟ್ಟ. ಕೊಪ್ಪಿ ಮರುವರ್ಷದ ಜನವರಿ 2ರಂದು ಮಲೇರಿಯಾಕ್ಕೆ ಬಲಿಯಾದ. ಬಾಹಾಮೊಂತೆಸ್ 95 ವರ್ಷ ಬಾಳಿ 2023ರಲ್ಲಿ ತೀರಿಕೊಂಡ.

ಗ್ರೆನೋಬ್ಲ್‌ನ ಶಿಷ್ಯನಿಗೆ ಬೇಸರವಾದೀತು. ಅಪ್ಪಾ, ಪಂತಾನಿಯನ್ನು ನೀನು ಪ್ರೀತಿಸು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಮ್ಮ ಪರೀಕ್ಷಾ ಮಂಡಳಿಯ ಭಾಷೆಯಲ್ಲಿ ಹೇಳುವುದಾದರೆ ಅವನ ಫಲಿತಾಂಶವನ್ನು ನಾನು ತಡೆಹಿಡಿದಿದ್ದೇನೆ. ಅನುತ್ತೀರ್ಣನೆಂದು ಬರೆಯಲು ನನಗೂ ಕೈ ಬಾರದು. ನೀನು ಮುಂದಿನ ಸಲ ಆ ಇಪ್ಪತ್ತೊಂದು ತಿರುವುಗಳ ದಾರಿಯಲ್ಲಿ ಹೋಗುವಾಗ, ಒಂದೊಂದು ತಿರುವಿನಲ್ಲೂ ಗೆದ್ದವರ ಹೆಸರಿನ ಫಲಕಗಳನ್ನು ಓದುತ್ತ ಹೋಗುವಾಗ, ಎಲ್ಲಾದರೂ ಒಂದು ಕಡೆ ನಿಂತು ಬಾಸ್ಸೋನ್‌ನನ್ನೂ ನೆನೆದುಕೊ. ಅವನ ಹೆಸರಿಗೆ ಅಲ್ಲಿ ಫಲಕವಿಲ್ಲ.

ಉಳಿದವರೂ ನಿಮ್ಮ ನಿಮ್ಮ ಆಯ್ಕೆಯನ್ನು ಬರೆದು ತಿಳಿಸಿ. ಕಾರಣ ಕೊಡದ ಉತ್ತರಕ್ಕೆ ಅಂಕವಿಲ್ಲವೆಂಬ ನನ್ನ ಹಳೆಯ ನಿಯಮ ಈಗಲೂ ಜಾರಿಯಲ್ಲಿದೆ.